ಸೋತವರೂ ಸಂಜೆಯವರೆಗೆ ಆಡುವ ಕ್ವಿಜ್

ಅಮೆರಿಕದ ಪ್ರಿನ್ಸ್‌ಟನ್, ಯೇಲ್, ಹಾರ್ವರ್ಡ್ ವಿಶ್ವವಿದ್ಯಾಲಯಗಳ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಪ್ರವೇಶದ ಪೈಪೋಟಿ, ಕಣ್ಣು ಕುಕ್ಕುವ ಶುಲ್ಕ, ನೊಬೆಲ್ ವಿಜೇತರ ಪಟ್ಟಿ. ಇದೇ ಕ್ಯಾಂಪಸ್‌ಗಳಲ್ಲಿ ವರ್ಷಕ್ಕೊಂದು ದಿನ ಬೇರೆಯದೇ ಗದ್ದಲವಿರುತ್ತದೆ. ಹತ್ತಾರು ಹೈಸ್ಕೂಲುಗಳ ಮಕ್ಕಳು ಬಜರ್ ಪೆಟ್ಟಿಗೆ ಹೊತ್ತು ಬಂದಿಳಿಯುತ್ತಾರೆ. ಖಾಲಿ ತರಗತಿಗಳಲ್ಲಿ ಎದುರುಬದುರು ಮೇಜು ಹಾಕಿಕೊಂಡು ನಾಲ್ಕು ನಾಲ್ಕು ಜನರ ತಂಡಗಳು ಕೂರುತ್ತವೆ. ಪ್ರಶ್ನೆ ಓದುವವರು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಆ ಪ್ರಶ್ನೆಗಳನ್ನು ತಿಂಗಳುಗಟ್ಟಲೆ ಕೂತು ಬರೆದವರೂ ಅವರೇ. ಈ ಆಟದ ಹೆಸರು ಕ್ವಿಜ್ ಬೌಲ್. ವೇದಿಕೆ, ಬೆಳಕು, ಚಪ್ಪಾಳೆ ಯಾವುದೂ ಇಲ್ಲದ ಈ ಟೂರ್ನಿಗಳಿಂದ ನಮ್ಮ ವಿಶ್ವವಿದ್ಯಾಲಯಗಳು ಕಲಿಯಬಹುದಾದದ್ದು ಸಾಕಷ್ಟಿದೆ.

ಕ್ವಿಜ್ ಬೌಲ್‌ನ ಮೂಲ ಎರಡನೇ ಮಹಾಯುದ್ಧದ ಕಾಲದ್ದು. ಸೈನಿಕರ ಬೇಸರ ಕಳೆಯಲೆಂದು ಡಾನ್ ರೀಡ್ ರೂಪಿಸಿದ ಪ್ರಶ್ನೋತ್ತರದ ಆಟ 1953ರಲ್ಲಿ ‘ಕಾಲೇಜ್ ಬೌಲ್’ ಎಂಬ ರೇಡಿಯೊ ಕಾರ್ಯಕ್ರಮವಾಯಿತು, 1959ರಲ್ಲಿ ಟಿ.ವಿ.ಗೆ ಬಂತು. ಅದನ್ನೇ ಮಾದರಿಯಾಗಿಟ್ಟುಕೊಂಡು 1962ರಲ್ಲಿ ಬ್ರಿಟನ್ನಿನಲ್ಲಿ ‘ಯೂನಿವರ್ಸಿಟಿ ಚಾಲೆಂಜ್’ ಹುಟ್ಟಿತು. ಅಮೆರಿಕದಲ್ಲಿ ಟಿ.ವಿ. ಕಾರ್ಯಕ್ರಮ 1970ರಲ್ಲಿ ನಿಂತುಹೋಯಿತು, ಆಟ ಮಾತ್ರ ನಿಲ್ಲಲಿಲ್ಲ. ಪ್ರಶ್ನೆಗಳು ತೀರಾ ಹಗುರವಾಗಿವೆ, ಬೆರಳಿನ ವೇಗಕ್ಕಷ್ಟೇ ಬೆಲೆ ಎಂದು ಬೇಸತ್ತ ಆಟಗಾರರೇ 1990ರ ದಶಕದಲ್ಲಿ ತಮ್ಮದೇ ಸಂಸ್ಥೆಗಳನ್ನು ಕಟ್ಟಿಕೊಂಡರು. 1996ರಲ್ಲಿ ಶುರುವಾದ ಎನ್‌ಎಕ್ಯೂಟಿ ಅವುಗಳಲ್ಲೊಂದು. ಅದು ನಡೆಸುವ ಹೈಸ್ಕೂಲ್ ರಾಷ್ಟ್ರೀಯ ಟೂರ್ನಿಗೆ ಈಗ ಮುನ್ನೂರರ ಆಸುಪಾಸು ತಂಡಗಳು ಬರುತ್ತವೆ. ಅಲ್ಲಿಗೆ ಏರುವ ಮೆಟ್ಟಿಲುಗಳಲ್ಲಿ ವಿಶ್ವವಿದ್ಯಾಲಯಗಳ ವಾರ್ಷಿಕ ಟೂರ್ನಿಗಳೂ ಸೇರಿವೆ.

ಬೆರಳಿನ ವೇಗದ ದೂರಿಗೆ ಆಟಗಾರರು ಕಂಡುಕೊಂಡ ಮದ್ದು ಪ್ರಶ್ನೆಯ ರಚನೆಯಲ್ಲೇ ಇದೆ. ಒಂದೊಂದು ಪ್ರಶ್ನೆಯೂ ಐದಾರು ವಾಕ್ಯಗಳ ಒಂದು ಪ್ಯಾರಾ. ಮೊದಲ ಸುಳಿವು ತೀರಾ ಕಠಿಣ, ಕೊನೆಯದು ಎಲ್ಲರಿಗೂ ಗೊತ್ತಿರುವಂಥದ್ದು. ಉತ್ತರ ಹೊಳೆದ ಕ್ಷಣದಲ್ಲಿ, ಓದು ಮುಗಿಯುವುದಕ್ಕೂ ಕಾಯದೆ ಬಜರ್ ಒತ್ತಬಹುದು. ನಮಗೆ ಹತ್ತಿರದ ವಿಷಯವನ್ನೇ ತೆಗೆದುಕೊಂಡು ಅಂಥದೊಂದು ಪ್ರಶ್ನೆಯನ್ನು ತುಸು ಚಿಕ್ಕದಾಗಿ ಕಟ್ಟಿದರೆ ಹೀಗಿರುತ್ತದೆ: ‘ಈ ರಾಜ್ಯದ ರಾಜಕುಮಾರನೊಬ್ಬನ ಮಧುರೆ ದಂಡಯಾತ್ರೆಯನ್ನು ಅವನ ಪತ್ನಿ ಗಂಗಾದೇವಿ ಸಂಸ್ಕೃತ ಕಾವ್ಯವಾಗಿಸಿದಳು. ಹೆರಾತಿನ ಶಾರುಖ್ ಕಳಿಸಿದ ರಾಯಭಾರಿ ಅಬ್ದುರ್ ರಜಾಕ್ ಇದರ ರಾಜಧಾನಿಯನ್ನು ಕಂಡು ಬೆರಗಾದ. ಇದರ ದೊರೆಯೊಬ್ಬ ತೆಲುಗಿನಲ್ಲಿ ಆಮುಕ್ತಮಾಲ್ಯದ ಬರೆದ. 1565ರಲ್ಲಿ ದಖನ್ನಿನ ಸುಲ್ತಾನರ ಒಕ್ಕೂಟಕ್ಕೆ ಸೋತ, ಹಂಪಿಯನ್ನು ರಾಜಧಾನಿಯಾಗಿಸಿಕೊಂಡಿದ್ದ ಈ ಸಾಮ್ರಾಜ್ಯವನ್ನು ಹತ್ತು ಅಂಕಕ್ಕೆ ಹೆಸರಿಸಿ.’

ಹಂಪಿ ಎಂದ ಮೇಲೆ ಐದನೇ ತರಗತಿಯ ಮಗುವೂ ವಿಜಯನಗರ ಎನ್ನುತ್ತದೆ. ಗಂಗಾದೇವಿಯ ಹೆಸರಿಗೇ ಬಜರ್ ಒತ್ತುವ ಹುಡುಗಿ ಪಠ್ಯಪುಸ್ತಕದಾಚೆ ಏನನ್ನೋ ಓದಿದ್ದಾಳೆ. ಉತ್ತರ ಇಬ್ಬರಿಗೂ ಗೊತ್ತು. ಯಾರಿಗೆ ಎಷ್ಟು ಆಳವಾಗಿ ಗೊತ್ತು ಎಂಬುದನ್ನು ಈ ಪ್ರಶ್ನೆ ಅಳೆಯುತ್ತದೆ. ಬೇಗ ಒತ್ತಿದರೆ ಹದಿನೈದು ಅಂಕ ಕೊಡುವ ಪದ್ಧತಿ ಹಲವು ಟೂರ್ನಿಗಳಲ್ಲಿದೆ. ಆತುರಪಟ್ಟು ತಪ್ಪು ಹೇಳಿದರೆ ಐದು ಅಂಕ ಕಡಿತ, ಜೊತೆಗೆ ಎದುರಾಳಿಗೆ ಉಳಿದ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವ ಭಾಗ್ಯ. ಸರಿ ಉತ್ತರ ಕೊಟ್ಟ ತಂಡಕ್ಕೆ ಮೂರು ಭಾಗಗಳ ಬೋನಸ್ ಪ್ರಶ್ನೆ. ಮೊದಲ ಪ್ರಶ್ನೆಗೆ ಒಬ್ಬರೇ ಉತ್ತರಿಸಬೇಕು, ಬೋನಸ್‌ಗೆ ನಾಲ್ವರೂ ಚರ್ಚಿಸಬಹುದು. ಸಾಹಿತ್ಯ, ಇತಿಹಾಸ, ವಿಜ್ಞಾನಕ್ಕೆ ಸಿಂಹಪಾಲು. ಕಲೆ, ಸಂಗೀತ, ಧರ್ಮ, ಪುರಾಣ, ತತ್ವಶಾಸ್ತ್ರಕ್ಕೂ ಜಾಗವಿದೆ. ಸಿನಿಮಾ, ಕ್ರೀಡೆಗೆ ಉಪ್ಪಿನಕಾಯಿಯಷ್ಟು. ಹಾಗಾಗಿ ಎಲ್ಲವನ್ನೂ ತಿಳಿದ ಒಬ್ಬ ಜಾಣನಿಗಿಂತ ಒಂದೊಂದು ವಿಷಯವನ್ನು ಹಚ್ಚಿಕೊಂಡ ನಾಲ್ವರು ಸೇರಿದ ತಂಡಕ್ಕೇ ಇಲ್ಲಿ ಬಲ ಹೆಚ್ಚು.

ಉತ್ತರ ಜೇಬಿನ ಫೋನಿನಲ್ಲೇ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಕಳೆದ ದಶಕದಲ್ಲಿ ಕಂಪ್ಯೂಟರಿನ ಜಾಣ್ಮೆಯನ್ನು ಅಳೆಯಲು ಆರಿಸಿಕೊಂಡದ್ದು ಇವೇ ಕ್ವಿಜ್ ಬೌಲ್ ಪ್ರಶ್ನೆಗಳನ್ನು. ಉತ್ತರ ಸರಿಯೇ ತಪ್ಪೇ ಎಂಬುದರ ಜೊತೆಗೆ ಎಷ್ಟು ಸುಳಿವಿಗೆ ಉತ್ತರ ಹೊಳೆಯಿತು, ಹೊಳೆದದ್ದರ ಬಗ್ಗೆ ಎಷ್ಟು ಖಾತ್ರಿಯಿದೆ ಎಂಬುದನ್ನೂ ಇವು ಒರೆಗೆ ಹಚ್ಚುತ್ತವೆ. ಯಂತ್ರವನ್ನು ಪರೀಕ್ಷಿಸಲು ಯೋಗ್ಯವೆನಿಸಿದ ಪ್ರಶ್ನೆ ಮಕ್ಕಳ ಪಾಲಿಗೆ ಬರಿಯ ಉರುಹೊಡೆತದ ಸಾಧನ ಎಂದು ತಳ್ಳಿಹಾಕುವುದು ಕಷ್ಟ.

ನನ್ನ ಮಟ್ಟಿಗೆ ಪ್ರಶ್ನೆಯ ರಚನೆಗಿಂತ ಮುಖ್ಯವಾದದ್ದು ದಿನದ ವೇಳಾಪಟ್ಟಿ. ಬೆಳಿಗ್ಗೆ ತಂಡಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಗುಂಪಿನೊಳಗೆ ಪ್ರತಿ ತಂಡವೂ ಪ್ರತಿ ತಂಡದ ಜೊತೆ ಆಡುತ್ತದೆ. ಊಟದ ಬಳಿಕ, ಬೆಳಗಿನ ಫಲಿತಾಂಶಕ್ಕೆ ತಕ್ಕಂತೆ ಮತ್ತೆ ಗುಂಪು ಕಟ್ಟುತ್ತಾರೆ: ಗೆದ್ದವರು ಗೆದ್ದವರೊಡನೆ, ಸೋತವರು ಸೋತವರೊಡನೆ. ಬೆಳಗಿನ ಅಷ್ಟೂ ಪಂದ್ಯ ಸೋತ ತಂಡಕ್ಕೆ ಮಧ್ಯಾಹ್ನ ತನ್ನ ಸರಿಸಾಟಿಯ ಎದುರಾಳಿ ತಂಡ ಸಿಗುತ್ತದೆ. ಕಟ್ಟಕಡೆಯ ಸ್ಥಾನದಲ್ಲಿ ನಿಂತ ತಂಡವೂ ಸಂಜೆಯೊಳಗೆ ಎಂಟು-ಹತ್ತು ಪಂದ್ಯ ಆಡಿರುತ್ತದೆ, ನೂರಾರು ಪ್ರಶ್ನೆ ಕೇಳಿರುತ್ತದೆ.

ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಇನ್ನೂರು ಮಕ್ಕಳು ಸಭಾಂಗಣದಲ್ಲಿ ಕೂತು ಅರ್ಧ ಗಂಟೆಯ ಲಿಖಿತ ಪೂರ್ವಭಾವಿ ಸುತ್ತು ಬರೆಯುತ್ತಾರೆ. ಆರು ತಂಡ ವೇದಿಕೆ ಹತ್ತುತ್ತವೆ. ಮಿಕ್ಕವರು ಪ್ರೇಕ್ಷಕರು, ‘ಆಡಿಯನ್ಸ್ ಪ್ರಶ್ನೆ’ಗೊಂದು ಚಾಕೊಲೇಟ್ ಸಿಕ್ಕರೆ ಅದೃಷ್ಟ. ಮಾಲೂರಿನಿಂದಲೋ ಮಾಗಡಿಯಿಂದಲೋ ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ತಂಡಕ್ಕೆ ಆ ದಿನ ದಕ್ಕುವುದು ಮೂವತ್ತು ಪ್ರಶ್ನೆಗಳ ಒಂದು ಹಾಳೆ. ಅವರ ಪಾಲಿಗೆ ಸ್ಪರ್ಧೆ ಶುರುವಾಗುವ ಮೊದಲೇ ಮುಗಿದಿರುತ್ತದೆ.

ಹಾಗೆಂದು ಕರ್ನಾಟಕಕ್ಕೆ ಕ್ವಿಜ್ ಹೊಸದೇನಲ್ಲ. 1983ರಲ್ಲಿ ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಅವರ ನೇತೃತ್ವದಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಬೆಂಗಳೂರನ್ನು ದೇಶದ ಕ್ವಿಜ್ ಭೂಪಟದಲ್ಲಿ ನಿಲ್ಲಿಸಿತು. ಗೊತ್ತಿಲ್ಲದ ಉತ್ತರವನ್ನೂ ಸುಳಿವಿನಿಂದ ಸುಳಿವಿಗೆ ತರ್ಕಿಸುತ್ತಾ ಹೋಗಿ ತಲುಪಬಹುದಾದ ನಮ್ಮ ಒಗಟಿನಂಥ ಪ್ರಶ್ನೆಗಳಲ್ಲಿ, ಅಮೆರಿಕದ ಪ್ರಶ್ನೆಗಳಲ್ಲಿಲ್ಲದ ತುಂಟತನವಿದೆ. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಕನ್ನಡದಲ್ಲೇ ಗಟ್ಟಿ ಕ್ವಿಜ್ ಸಾಧ್ಯವೆಂಬುದನ್ನು ಸಾವಿರಾರು ಕಂತುಗಳಲ್ಲಿ ತೋರಿಸಿಕೊಟ್ಟಿತು. ಬಹುಮಾನವಾಗಿ ಪುಸ್ತಕ ಕೊಟ್ಟಿತು. ಅಮೆರಿಕದ ಅನೇಕ ಟೂರ್ನಿಗಳಲ್ಲೂ ಹೆಚ್ಚು ಅಂಕ ಗಳಿಸಿದವರಿಗೆ ಕೊಡುವುದು ಪುಸ್ತಕವನ್ನೇ. ನಮ್ಮಲ್ಲಿ ಪ್ರಶ್ನೆಗಳಿಗೂ ಬರವಿಲ್ಲ, ಆಸಕ್ತಿಗೂ ಬರವಿಲ್ಲ. ಇಲ್ಲದಿರುವುದು ಸೋತವರಿಗೂ ಆಡಲು ಜಾಗ ಕೊಡುವ ಏರ್ಪಾಡು. ಆ ಏರ್ಪಾಡಿಗೆ ವಿಶ್ವವಿದ್ಯಾಲಯಕ್ಕಿಂತ ತಕ್ಕ ತಾಣವಿಲ್ಲ, ಏಕೆಂದರೆ ರಜಾದಿನ ಬೀಗ ಹಾಕಿರುವ ಅಷ್ಟೊಂದು ಕೋಣೆಗಳು, ಅಷ್ಟೊಂದು ಯುವಕ ಯುವತಿಯರು ಒಂದೇ ಕಡೆ ಇನ್ನೆಲ್ಲೂ ಸಿಗುವುದಿಲ್ಲ.

ಹಣದ ಲೆಕ್ಕವೂ ಗಮನಿಸುವಂಥದ್ದು. ಅಮೆರಿಕದಲ್ಲಿ ಈ ಟೂರ್ನಿಗಳಿಗೆ ದೊಡ್ಡ ಪ್ರಾಯೋಜಕರ ಹಂಗಿಲ್ಲ. ತಂಡಗಳು ಕಟ್ಟುವ ಪ್ರವೇಶ ಶುಲ್ಕವೇ ಆಧಾರ. ಸ್ವಂತ ಬಜರ್ ತಂದ ಶಾಲೆಗೆ ಶುಲ್ಕದಲ್ಲಿ ರಿಯಾಯಿತಿ. ಪ್ರಶ್ನೆ ಓದಬಲ್ಲ ಶಿಕ್ಷಕರನ್ನು ಕರೆತಂದರೆ ಇನ್ನಷ್ಟು ರಿಯಾಯಿತಿ. ಉಳಿದ ಹಣದಲ್ಲಿ ವಿಶ್ವವಿದ್ಯಾಲಯದ ಕ್ವಿಜ್ ಬಳಗ ತಾನು ಆಡುವ ಟೂರ್ನಿಗಳಿಗೆ ಪ್ರಯಾಣ ಮಾಡುತ್ತದೆ. ವಿದ್ಯಾರ್ಥಿಗಳು ಬರೆದ ಪ್ರಶ್ನೆಗಳನ್ನು ಬೇರೆ ಊರುಗಳ ಸಂಘಟಕರೂ ಶುಲ್ಕ ತೆತ್ತು ಬಳಸುತ್ತಾರೆ. ಎಲ್ಲ ಕಡೆ ಆಟ ಮುಗಿದ ಮೇಲೆ ಆ ಪ್ರಶ್ನೆಗಳನ್ನು ಯಾರು ಬೇಕಾದರೂ ಓದಿಕೊಳ್ಳಲು ಉಚಿತವಾಗಿ ಬಿಡುವುದು ರೂಢಿ. ಹೊಸದಾಗಿ ತಂಡ ಕಟ್ಟುವ ಶಾಲೆಗೆ ಅದೇ ಪಠ್ಯ.

ಈ ಆಟದಲ್ಲಿ ಹುಳುಕೂ ಇದೆ. ಶುಲ್ಕ, ಪ್ರಯಾಣ, ಹುರುಪಿನ ತರಬೇತುದಾರರು ಇವೆಲ್ಲ ಉಳ್ಳವರ ಶಾಲೆಗಳಿಗೇ ಸುಲಭ. ಮೇಲಿನ ಹಂತಕ್ಕೆ ಹೋದಂತೆ ಹುಡುಗಿಯರ ಸಂಖ್ಯೆ ಇಳಿಯುತ್ತದೆ ಎಂಬ ಕೊರಗು ಆಟಗಾರರ ನಡುವೆಯೇ ಇದೆ. ಹಳೆಯ ಪ್ರಶ್ನೆಗಳಲ್ಲಿ ಪದೇ ಪದೇ ಬರುವ ಸುಳಿವುಗಳನ್ನಷ್ಟೇ ಬಾಯಿಪಾಠ ಮಾಡಿ, ಕಾದಂಬರಿ ಓದದೆಯೇ ಕಾದಂಬರಿಯ ಹೆಸರು ಹೇಳುವವರೂ ಇದ್ದಾರೆ. ಗೆಲುವಿನ ಆಸೆ ಎಂಥ ಸಂಸ್ಥೆಯ ಹೆಸರಿಗೂ ಮಸಿ ಬಳಿಯಬಲ್ಲದು: ಪ್ರಶ್ನೆ ತಯಾರಿಕೆಯಲ್ಲಿ ತೊಡಗಿದ್ದ ಆಟಗಾರನೊಬ್ಬ ನೋಡಬಾರದ ಮಾಹಿತಿ ನೋಡಿದ್ದು ಬಯಲಾದಾಗ, ಅದು ಆಟದಲ್ಲಿ ಬಳಕೆಯಾದದ್ದಕ್ಕೆ ಪುರಾವೆ ಸಿಗದಿದ್ದರೂ, 2013ರಲ್ಲಿ ಎನ್‌ಎಕ್ಯೂಟಿ ಹಾರ್ವರ್ಡ್ ತಂಡದ ನಾಲ್ಕು ಕಾಲೇಜು ಪ್ರಶಸ್ತಿಗಳನ್ನು ಹಿಂಪಡೆಯಿತು. ನಾವು ಈ ಟೂರ್ನಿಗಳ ಮಾದರಿಯನ್ನು ಅನುಸರಿಸುವುದಾದರೆ ಶುಲ್ಕದ ಪದ್ಧತಿಯನ್ನು ಮೊದಲು ಕೈಬಿಡಬೇಕು; ಸರ್ಕಾರಿ ಶಾಲೆಯ ಮಕ್ಕಳಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟವನ್ನು ವಿಶ್ವವಿದ್ಯಾಲಯವೇ ನೋಡಿಕೊಳ್ಳಬೇಕು. ಪ್ರಶ್ನೆಗಳು ಕನ್ನಡದಲ್ಲೂ ಇರಬೇಕು, ಇಂಗ್ಲಿಷಿನಿಂದ ಇಳಿಸಿದ ಕನ್ನಡದಲ್ಲಲ್ಲ.

ಇಂಥದೊಂದು ಟೂರ್ನಿಗೆ ಬೇಕಾದದ್ದು ಏನು? ಎಂಟು ತಂಡಗಳಿದ್ದರೆ ಎಲ್ಲರೂ ಎಲ್ಲರೊಡನೆ ಆಡಲು ಏಳು ಸುತ್ತು, ಇಪ್ಪತ್ತೆಂಟು ಪಂದ್ಯ. ನಾಲ್ಕು ಕೋಣೆ, ನಾಲ್ಕು ಜೊತೆ ಬಜರ್ ಸಾಕು. ಪಂದ್ಯಕ್ಕೆ ಅರ್ಧ ಗಂಟೆಯಂತೆ ಹಿಡಿದರೂ ಮೂರೂವರೆ ಗಂಟೆಯ ಆಟ. ಕಷ್ಟದ ಕೆಲಸ ಒಂದೇ. ಸುತ್ತಿಗೆ ಇಪ್ಪತ್ತರಂತೆ ನೂರನಲವತ್ತು ಪ್ರಶ್ನೆ, ಅಷ್ಟೇ ಬೋನಸ್‌ಗಳನ್ನು ಯಾರಾದರೂ ಬರೆಯಬೇಕು. ಅದನ್ನು ಹೊರಗಿನ ಕಂಪನಿಗೆ ಗುತ್ತಿಗೆ ಕೊಡದೆ ಎಂ.ಎ., ಎಂ.ಎಸ್ಸಿ. ವಿದ್ಯಾರ್ಥಿಗಳ ಕೈಗೇ ಕೊಡಬೇಕು. ಹೈಸ್ಕೂಲ್ ಮಗುವಿಗೆ ಅರ್ಥವಾಗುವಂತೆ, ಒಂದು ಸುಳಿವೂ ತಪ್ಪಾಗದಂತೆ, ಕಠಿಣದಿಂದ ಸುಲಭಕ್ಕೆ ಇಳಿಯುವ ಐದು ವಾಕ್ಯ ಬರೆಯುವವರಿಗೆ ತಮ್ಮ ವಿಷಯ ಎಷ್ಟು ಗೊತ್ತಿದೆ ಎಂಬುದೂ ಅಲ್ಲೇ ತಿಳಿಯುತ್ತದೆ. ಸೆಮಿಸ್ಟರ್ ಪರೀಕ್ಷೆಗಿಂತ ಅದು ಕಡಿಮೆ ಪರೀಕ್ಷೆಯೇನಲ್ಲ.

ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರಿನ ವಿಶ್ವವಿದ್ಯಾಲಯಗಳು ಇದಕ್ಕೆ ಯಾರ ಆದೇಶಕ್ಕೂ ಕಾಯಬೇಕಿಲ್ಲ. ಮೊದಲ ವರ್ಷ ಎಂಟೇ ತಂಡಗಳು ಬಂದರೂ ಚಿಂತೆಯಿಲ್ಲ. ಷರತ್ತು ಒಂದೇ: ಏಳೂ ಪಂದ್ಯ ಸೋತ ತಂಡವೂ ಏಳೂ ಪಂದ್ಯ ಆಡಿರಬೇಕು.