ಟೋಪಿ ಹೋಯಿತು, ನಡಿಗೆ ಉಳಿಯಿತು

1931ರ ಸೆಪ್ಟೆಂಬರ್ 12. ಎರಡನೆಯ ದುಂಡು ಮೇಜಿನ ಪರಿಷತ್ತಿಗೆಂದು ಗಾಂಧೀಜಿ ಲಂಡನ್ನಿಗೆ ಬಂದಿಳಿದರು. ಸೊಂಟಕ್ಕೆ ಖಾದಿಯ ತುಂಡು ಪಂಚೆ, ಮೈಮೇಲೆ ಶಾಲು, ಕಾಲಲ್ಲಿ ಚಪ್ಪಲಿ. 62 ತುಂಬಲು ಇನ್ನು ಇಪ್ಪತ್ತೇ ದಿನ.

ಆ ಊರು ಅವರಿಗೆ ಹೊಸದಲ್ಲ. 1888ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ ಬ್ಯಾರಿಸ್ಟರ್ ಪರೀಕ್ಷೆಗೆ ಓದಲು ಊರು ಬಿಟ್ಟು ಅಲ್ಲಿಗೆ ಹೋಗಿದ್ದರು. 1891ರ ಜೂನ್‌ವರೆಗೆ ಅಲ್ಲಿದ್ದರು. ಮುಂದೆ 1906, 1909 ಮತ್ತು 1914ರಲ್ಲಿಯೂ ಹೋಗಿಬಂದರು. 1931ರದೇ ಕೊನೆಯ ಭೇಟಿ. ವಿದ್ಯಾರ್ಥಿಯಾಗಿದ್ದಾಗ ಆ ಊರು ಏನು ಕಲಿಸಿತು, ಅದರಲ್ಲಿ ಎಷ್ಟು ಉಳಿಯಿತು ಎಂಬುದರ ಲೆಕ್ಕ ಈ ಭೇಟಿಯಲ್ಲಿ ಸಿಗುತ್ತದೆ.

ಮೊದಲ ಸಲ ಹೊರಟಾಗ ಮನೆಯಲ್ಲಿ ಕಡಿಮೆ ಗೊಂದಲವಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ ಮೇಲೆಯೇ ತಾಯಿ ಪುತಲೀಬಾಯಿ ಒಪ್ಪಿದ್ದು. ಸಮುದ್ರ ದಾಟಕೂಡದೆಂದು ಜಾತಿಯ ಮುಖಂಡರು ಬಹಿಷ್ಕಾರ ಹಾಕಿದರು. ಹಣ ಹೊಂದಿಸಿದವರು ಅಣ್ಣ.

ಇಷ್ಟೆಲ್ಲ ಆಗಿ ಊರು ಸೇರಿದ ಹುಡುಗ ಮಾಡಿದ್ದೇನು? ದೊಡ್ಡ ಊರಿಗೆ ಹೋದ ಎಲ್ಲ ಹುಡುಗರೂ ಮಾಡುವುದನ್ನೇ. ಅಲ್ಲಿಯವರಂತೆ ಕಾಣಬೇಕೆಂದು ಹೊರಟರು. ಹತ್ತೊಂಬತ್ತು ಶಿಲಿಂಗ್ ಕೊಟ್ಟು ಎತ್ತರದ ಟೋಪಿ ಕೊಂಡರು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸೂಟು ಹೊಲಿಸಿದರು. ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಳಿ ಬೇಕೆಂದು ಅಣ್ಣನಿಂದ ತರಿಸಿಕೊಂಡರು. ದಿನಕ್ಕೆ ಹತ್ತು ನಿಮಿಷ ಕನ್ನಡಿಯ ಮುಂದೆ ನಿಂತು ಟೈ ಕಟ್ಟಿ, ತಲೆ ಬಾಚಿದರು. ಮೂರು ಪೌಂಡ್ ಕೊಟ್ಟು ನೃತ್ಯದ ತರಗತಿಗೆ ಸೇರಿದರೆ, ಪಿಯಾನೋದ ತಾಳಕ್ಕೆ ಹೆಜ್ಜೆ ಕೂಡಲಿಲ್ಲ. ತಾಳಜ್ಞಾನ ಬರಲೆಂದು ಇನ್ನು ಮೂರು ಪೌಂಡ್ ಹಾಕಿ ಪಿಟೀಲು ಕೊಂಡರು. ಭಾಷಣಕಲೆಗೆಂದು ಬೇರೊಬ್ಬ ಗುರು.

ಈ ಹುಚ್ಚು ಸುಮಾರು ಮೂರು ತಿಂಗಳು ನಡೆಯಿತು. ಒಂದು ದಿನ ಅವರಿಗೇ ಹೊಳೆಯಿತು: ತಾನು ಬಂದಿರುವುದು ಓದಲು, ಜೀವಮಾನವೆಲ್ಲ ಇಲ್ಲೇ ಇರಲು ಅಲ್ಲ. ಪಾಠಗಳನ್ನು ಬಿಟ್ಟರು, ಪಿಟೀಲನ್ನು ಮಾರಲು ಹೇಳಿದರು.

ಅಣ್ಣ ಕಷ್ಟಪಟ್ಟು ದುಡಿದು ಕಳಿಸುವ ಹಣ ಎಂಬುದೂ ಮನಸ್ಸಿಗೆ ಚುಚ್ಚತೊಡಗಿತು. ಕಾಸುಕಾಸಿಗೂ ಲೆಕ್ಕ ಬರೆದಿಟ್ಟಿದ್ದರಿಂದ ಎಲ್ಲಿ ಕಡಿಮೆ ಮಾಡಬಹುದೆಂದು ಕಾಣಿಸಿತು. ಎರಡು ಕೋಣೆಯ ಬದಲು ಒಂದೇ ಕೋಣೆ ಹಿಡಿದರು. ಒಂದು ಸ್ಟೌವು ತಂದು ಬೆಳಿಗ್ಗೆ ಓಟ್ಸ್ ಗಂಜಿ ತಾವೇ ಬೇಯಿಸಿಕೊಂಡರು. ಊಟದ ಖರ್ಚು ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ಸ್‌ಗೆ ಇಳಿಯಿತು. ಗಾಡಿಯ ಬಾಡಿಗೆ ಉಳಿಸಲು ನಡೆಯುತ್ತಿದ್ದರು. ದಿನಕ್ಕೆ ಎಂಟು ಹತ್ತು ಮೈಲಿ. ಆ ಚಳಿಯ ದೇಶದಲ್ಲಿ ಕಾಯಿಲೆ ಹತ್ತಿರ ಸುಳಿಯದಿದ್ದುದಕ್ಕೆ ಈ ನಡಿಗೆಯೇ ಕಾರಣವೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

ತಾಯಿಗೆ ಕೊಟ್ಟ ಮಾತಿನಿಂದ ಹೊಟ್ಟೆಗೆ ಮಾತ್ರ ಕಷ್ಟವಾಗಿತ್ತು. ಒಂದು ದಿನ ಅಲೆಯುತ್ತ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲೊಂದು ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಹಿಂದೆ ಪುಸ್ತಕಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಒಳಗೆ ಹೋಗಿ ಕುಳಿತರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ ಮೊದಲು. ಅಮ್ಮನಿಗೆ ಕೊಟ್ಟ ಮಾತಾಗಿ ಉಳಿದಿದ್ದ ವ್ರತ, ಆ ಪುಸ್ತಕ ಓದಿದ ಮೇಲೆ ತಮ್ಮದೇ ನಂಬಿಕೆಯಾಯಿತು.

ಅವರು ಸಸ್ಯಾಹಾರಿಗಳ ಸಂಘ ಸೇರಿ ಅದರ ಕಾರ್ಯಕಾರಿ ಸಮಿತಿಯ ಸದಸ್ಯರೂ ಆದರು. ಆದರೆ ಸಭೆಯಲ್ಲಿ ಬಾಯಿ ಬಿಡಲು ಧೈರ್ಯವಿಲ್ಲ. ಅಭಿಪ್ರಾಯ ಭೇದಕ್ಕಾಗಿ ಸದಸ್ಯರೊಬ್ಬರನ್ನು ಸಂಘದಿಂದ ತೆಗೆಯುವ ಪ್ರಶ್ನೆ ಬಂದಾಗ, ಅದು ಅನ್ಯಾಯವೆಂದು ಚೀಟಿಯಲ್ಲಿ ಬರೆದುಕೊಂಡು ಹೋದರು. ಓದಲು ನಾಲಗೆ ಏಳಲಿಲ್ಲ; ಬೇರೊಬ್ಬರು ಓದಬೇಕಾಯಿತು. ಊರಿಗೆ ಹೊರಡುವ ಮುನ್ನ ಸ್ನೇಹಿತರಿಗೆ ಕೊಟ್ಟ ಔತಣದಲ್ಲೂ ಕಲಿತಿಟ್ಟ ಭಾಷಣ ಮೊದಲ ವಾಕ್ಯಕ್ಕೇ ನಿಂತುಹೋಯಿತು. ವಂದನೆ ಹೇಳಿ ಕುಳಿತುಬಿಟ್ಟರು.

ಇಂಥ ಹುಡುಗ ನಲವತ್ತು ವರ್ಷದ ಮೇಲೆ ಅದೇ ಊರಿಗೆ ಬಂದಾಗ ಎಲ್ಲರ ಕಣ್ಣೂ ಅವರ ಮೇಲೆ. ಆದರೆ ಅವರು ದೊಡ್ಡ ಹೋಟೆಲಿಗೆ ಹೋಗಲಿಲ್ಲ. ನಗರದ ಪೂರ್ವಕ್ಕೆ, ಕಾರ್ಮಿಕರು ವಾಸಿಸುವ ಬೋ ಎಂಬಲ್ಲಿ ಮ್ಯೂರಿಯಲ್ ಲೆಸ್ಟರ್ ನಡೆಸುತ್ತಿದ್ದ ಕಿಂಗ್ಸ್‌ಲೀ ಹಾಲ್‌ನಲ್ಲಿ ಇಳಿದುಕೊಂಡರು. ಮಾಳಿಗೆಯ ಮೇಲೆ ಒಂದು ಪುಟ್ಟ ಕೋಣೆ. ಪರಿಷತ್ತು ನಡೆಯುವ ಅರಮನೆ ಅಲ್ಲಿಂದ ದೂರ. ಓಡಾಟಕ್ಕೆ ಹೊತ್ತು ಹಿಡಿಯುತ್ತಿತ್ತು. ಆದರೂ ಜಾಗ ಬದಲಿಸಲಿಲ್ಲ. ಬೆಳಗಿನ ಜಾವ ಎದ್ದು ಪ್ರಾರ್ಥನೆ ಮುಗಿಸಿ, ಮಬ್ಬುಗತ್ತಲೆಯಲ್ಲೇ ಆ ಬೀದಿಗಳಲ್ಲಿ ಬಿರುಸಾಗಿ ನಡೆಯುತ್ತಿದ್ದರು. ಕೇರಿಯ ಮಕ್ಕಳಿಗೆ ಅವರು ‘ಗಾಂಧಿ ಮಾಮ’. ಅಕ್ಟೋಬರ್ 2ರ ಹುಟ್ಟುಹಬ್ಬಕ್ಕೆ ಆ ಮಕ್ಕಳು ಆಟಿಕೆಗಳ ಉಡುಗೊರೆ ಕೊಟ್ಟರು.

ನವೆಂಬರ್ 20ರಂದು ಲಂಡನ್ನಿನ ಸಸ್ಯಾಹಾರಿಗಳ ಸಂಘ ಅವರನ್ನು ಭಾಷಣಕ್ಕೆ ಕರೆಯಿತು. ಹಿಂದೆ ಚೀಟಿ ಓದಲಾಗದೆ ಕುಳಿತಿದ್ದ ಅದೇ ಸಂಘ. ಪಕ್ಕದಲ್ಲಿ ಎಂಬತ್ತರ ಮುದುಕ ಹೆನ್ರಿ ಸಾಲ್ಟ್. ಕಟ್ಟಿಕೊಂಡ ವ್ರತದಾಚೆಗೆ ಸಸ್ಯಾಹಾರ ಏಕೆ ಸರಿ ಎಂಬುದನ್ನು ತಮಗೆ ತೋರಿಸಿಕೊಟ್ಟದ್ದು ಈ ಹಿರಿಯರ ಪುಸ್ತಕವೇ ಎಂದು ಗಾಂಧೀಜಿ ಸಭೆಯಲ್ಲಿ ಹೇಳಿದರು. ಒಂದು ಶಿಲಿಂಗಿನ ಋಣವನ್ನು ನಲವತ್ತು ವರ್ಷದ ಮೇಲೂ ಮರೆತಿರಲಿಲ್ಲ.

ಪರಿಷತ್ತು ಕೈಗೂಡಲಿಲ್ಲ. ಡಿಸೆಂಬರ್ 5ರಂದು ಅವರು ಲಂಡನ್ ಬಿಟ್ಟರು; 1932ರ ಜನವರಿ 4ರಂದು ಬಂಧನವೂ ಆಯಿತು. ಆ ಊರಿಗೆ ಮತ್ತೆ ಹೋಗಲಿಲ್ಲ.

ಓದಲು ಹೋದ ಮಕ್ಕಳಿಗೆ ಮನೆಯವರು ಕೇಳುವುದು ಎರಡೇ: ನಂಬರು ಎಷ್ಟು ಬಂತು, ಹಣ ಎಷ್ಟು ಬೇಕು. ಗಾಂಧೀಜಿ ಲಂಡನ್ ಮೆಟ್ರಿಕ್ಯುಲೇಶನ್ನಿನಲ್ಲಿ ಮೊದಲ ಸಲ ಲ್ಯಾಟಿನ್‌ನಲ್ಲಿ ಫೇಲಾದರು; ಮತ್ತೆ ಕುಳಿತು ಪಾಸಾದರು. ಅದನ್ನು ಇಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೋಪಿ, ಪಿಟೀಲು ಯಾವಾಗಲೋ ಹೋದವು. ದುಡ್ಡು ಉಳಿಸಲು ಆರಂಭಿಸಿದ ನಡಿಗೆ, ಅಣ್ಣನ ನೆನಪಾಗಿ ಬಿಗಿಗೊಳಿಸಿದ ಲೆಕ್ಕ, ಹಸಿವಿನಲ್ಲೂ ಮುರಿಯದ ಮಾತು ಇವು ಕೊನೆಯವರೆಗೂ ಜೊತೆಗಿದ್ದವು.

ಮಗನ ಮಾತು ಉಳಿದದ್ದನ್ನು ಕಣ್ಣಾರೆ ಕಾಣಲು ತಾಯಿ ಮಾತ್ರ ಇರಲಿಲ್ಲ. ಅವರು ಓದುತ್ತಿದ್ದಾಗಲೇ ಆಕೆ ತೀರಿಕೊಂಡಿದ್ದರು. ಪರದೇಶದಲ್ಲಿ ಹುಡುಗ ಎದೆಗೆಟ್ಟಾನೆಂದು ಅಣ್ಣ ಸುದ್ದಿ ಮುಚ್ಚಿಟ್ಟು, 1891ರಲ್ಲಿ ಮುಂಬಯಿಯ ನೆಲ ಮುಟ್ಟಿದ ಮೇಲೆಯೇ ಹೇಳಿದರು. ಆದರೆ ಆಕೆ ಕೊಟ್ಟು ಕಳಿಸಿದ್ದು ವ್ಯರ್ಥವಾಗಲಿಲ್ಲ.