ಮುದ್ರೆಯುಂಗುರವೂ ಗಣಕಯಂತ್ರವೂ

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಬಲ್ಲವರಿಗೆ ಉಂಗುರವೊಂದರಿಂದ ಒದಗಿದ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿತು. ಸುಳ್ಳು ಪತ್ರಕ್ಕೆ ನಿಜವಾದ ಮುದ್ರೆ ಬಿದ್ದಿತು. ಮಲಯಕೇತು ತನಗೆ ಹಿತನಾಗಿದ್ದ ರಾಕ್ಷಸನನ್ನೇ ದ್ರೋಹಿಯೆಂದು ಬಗೆದನು. ಮುದ್ರೆಯನ್ನು ಕಂಡವರು ಅದನ್ನೊತ್ತಿದ ಕೈ ಯಾರದೆಂದು ವಿಚಾರಿಸುವುದಿಲ್ಲ.

ಗಣಕಯಂತ್ರದ ಸ್ವಭಾವವೂ ಇಂಥದೇ. ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ಖಾತೆಗಳುಂಟು. ಅಡ್ಮಿನಿಸ್ಟ್ರೇಟರ್ ಖಾತೆ ಇಡೀ ಯಂತ್ರದ ವ್ಯವಸ್ಥೆಯನ್ನು ಬದಲಿಸಬಲ್ಲದು; ಸಾಮಾನ್ಯ ಖಾತೆ ತನ್ನ ಪಾಲಿನ ಕೆಲಸವನ್ನಷ್ಟೇ ಮಾಡಬಲ್ಲದು. ಇ-ಮೇಲ್‌ನ ಲಗತ್ತಿನ ವೇಷದಲ್ಲಿ ಬಂದ ಕುತಂತ್ರಾಂಶವೊಂದಕ್ಕೆ ಮೊದಲನೆಯ ಖಾತೆಯ ಬಲ ದೊರೆಯಿತೆಂದರೆ, ಅದು ರಕ್ಷಣಾ ತಂತ್ರಾಂಶವನ್ನೇ ನಿಲ್ಲಿಸಬಹುದು. ಅದೇ ಯಂತ್ರವನ್ನು ಬಳಸುವ ಇತರರ ಕಡತಗಳನ್ನೂ ಕೆಡಿಸಬಹುದು. ಆಜ್ಞೆ ಮಾಡಿದವನು ಯಜಮಾನನೋ ಕಳ್ಳನೋ ಎಂಬ ವಿವೇಚನೆ ಯಂತ್ರಕ್ಕಿಲ್ಲ.

ಈ ಎಚ್ಚರ ಹೊಸದೇನಲ್ಲ. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತಿಯೊಂದು ತಂತ್ರಾಂಶಕ್ಕೂ ಆಯಾ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕೆಂಬ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿಯೇ ನಿರೂಪಿಸಿದ್ದರು. ಆದರೂ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ಸ್ಥಾಪನೆಯ ವೇಳೆ ತೆರೆದ ಖಾತೆಗಳಿಗೆಲ್ಲ ಪೂರ್ಣಾಧಿಕಾರವನ್ನೇ ಕೊಟ್ಟಿತು. ರೂಢಿ ಅಲ್ಲಿಂದ ಬೇರೂರಿತು. 2007ರಲ್ಲಿ ಜನರ ಕೈಸೇರಿದ ವಿಸ್ತಾ, ದೊಡ್ಡ ಬದಲಾವಣೆಗೆ ಮುನ್ನ ಒಪ್ಪಿಗೆ ಕೇಳುವ ಕ್ರಮವನ್ನು ತಂದಿತು. ಆದರೆ ಓದದೆಯೇ ‘ಹೌದು’ ಎಂದು ಒತ್ತುವವನ ಒಪ್ಪಿಗೆಗೆ ಬೆಲೆಯೇನು?

“ಯಂತ್ರ ನನ್ನದು, ನನಗೇಕೆ ಈ ಕಟ್ಟುಪಾಡು?” ಎನ್ನುವವರುಂಟು. ಅಧಿಕಾರವನ್ನು ತ್ಯಜಿಸಬೇಕೆಂದು ಯಾರೂ ಹೇಳುತ್ತಿಲ್ಲ. ಮುದ್ರೆಯುಂಗುರವನ್ನು ತೊಟ್ಟು ಸಂತೆಗೆ ಹೋಗಬಾರದೆಂದಷ್ಟೇ ಹೇಳುವುದು. ಓದು, ಬರಹ, ಪತ್ರವ್ಯವಹಾರಗಳಿಗೆ ಸಾಮಾನ್ಯ ಖಾತೆ ಧಾರಾಳವಾಗಿ ಸಾಕು. ಹೊಸ ತಂತ್ರಾಂಶವನ್ನು ಸ್ಥಾಪಿಸಬೇಕಾದಾಗ ಪಾಸ್‌ವರ್ಡ್ ಕೊಟ್ಟು ಅಧಿಕಾರವನ್ನು ಬಳಸಿದರಾಯಿತು. ಆ ಅರೆನಿಮಿಷದ ತಡೆಯೇ, ‘ಇದನ್ನು ಕೇಳಿದವನು ನಾನೇ ಅಲ್ಲವೇ?’ ಎಂದು ಯೋಚಿಸಲು ದೊರೆಯುವ ಬಿಡುವು.

ಸಾಮಾನ್ಯ ಖಾತೆ ಸರ್ವರೋಗಕ್ಕೂ ಮದ್ದಲ್ಲವೆಂಬುದೂ ನಿಜ. ಅದರಲ್ಲಿ ನುಗ್ಗಿದ ಕುತಂತ್ರಾಂಶವೂ ನಮ್ಮ ಸ್ವಂತ ಬರಹಗಳನ್ನು ನಾಶಮಾಡಬಲ್ಲದು. ಆದ್ದರಿಂದ ಅವುಗಳ ಪ್ರತಿ ಬೇರೆಡೆ ಇರಲೇಬೇಕು. ಆದರೆ ಹಾನಿಗೆ ಒಂದು ಎಲ್ಲೆಯನ್ನು ಹಾಕುವುದು ಸಣ್ಣ ಲಾಭವಲ್ಲ. ಕಾಲೇಜುಗಳಲ್ಲಿ ಒಂದೇ ಯಂತ್ರವನ್ನು ಹತ್ತು ಜನ ಬಳಸುತ್ತಾರೆ. ವಿದ್ಯಾರ್ಥಿಗಳ ಅಂಕಗಳೂ ಸಂಶೋಧಕರ ವರ್ಷಗಟ್ಟಲೆಯ ಶ್ರಮವೂ ಅದರೊಳಗಿರುತ್ತವೆ. ಅಲ್ಲಿ ಒಬ್ಬನ ಅಜಾಗರೂಕತೆಗೆ ಉಳಿದ ಒಂಬತ್ತು ಮಂದಿ ದಂಡ ತೆರುವಂತಾಗಬಾರದು. ಗಣಕದ ಪಾಠವನ್ನು ಆರಂಭಿಸುವ ಅಧ್ಯಾಪಕರು ಮೊದಲ ದಿನವೇ ಎರಡು ಖಾತೆಗಳ ಭೇದವನ್ನು ತಿಳಿಸಿಕೊಡುವುದು ಒಳ್ಳೆಯದು.