ಎರವಲು ಕೊಡಲಾಗದ ಆಟ

ನಮ್ಮ ಹಾಸ್ಟೆಲಿನಲ್ಲಿ ಇವತ್ತಿಗೂ ಮುಗಿಯದ ವಾದವೊಂದಿದೆ: 2013ರ ಇ3 ಮೇಳದಲ್ಲಿ ಗೆದ್ದದ್ದು ಯಾರು, ಸೋನಿಯೋ ಮೈಕ್ರೋಸಾಫ್ಟೋ? ವಿಡಿಯೊ ಗೇಮಿನ ಗೀಳಿರುವವರಲ್ಲಿ ಹೆಚ್ಚಿನವರು ಸೋನಿ ಎನ್ನುತ್ತಾರೆ. ನನಗೆ ಆ ಪ್ರಶ್ನೆಯ ಮೇಲೇ ತಕರಾರಿದೆ.

ಇ3 ಎಂದರೆ ಲಾಸ್ ಏಂಜಲೀಸಿನಲ್ಲಿ ನಡೆಯುತ್ತಿದ್ದ ಗೇಮ್ ಉದ್ಯಮದ ವ್ಯಾಪಾರ ಮೇಳ. ಆ ವರ್ಷ ಜೂನ್ 10ರಂದು ಎರಡೂ ಕಂಪನಿಗಳು ತಮ್ಮ ಹೊಸ ಯಂತ್ರಗಳ ಬೆಲೆ ಸಾರಿದವು. ಎಕ್ಸ್‌ಬಾಕ್ಸ್ ಒನ್‌ಗೆ 499 ಡಾಲರ್, ಪ್ಲೇಸ್ಟೇಷನ್ 4ಕ್ಕೆ 399. ಎಕ್ಸ್‌ಬಾಕ್ಸ್ 24 ಗಂಟೆಗೊಮ್ಮೆ ಇಂಟರ್ನೆಟ್ಟಿನಲ್ಲಿ ಹಾಜರಿ ಹಾಕಬೇಕಿತ್ತು. ದುಡ್ಡು ಕೊಟ್ಟು ತಂದ ಡಿಸ್ಕನ್ನು ಗೆಳೆಯನಿಗೆ ಕೊಡಲೂ ಷರತ್ತುಗಳಿದ್ದವು. ಸೋನಿ ಇದನ್ನೇ ಹಿಡಿದುಕೊಂಡಿತು. ಆಟ ಹಂಚಿಕೊಳ್ಳುವುದು ಹೇಗೆಂದು ತೋರಿಸುವ, ಅರ್ಧ ನಿಮಿಷವೂ ಇಲ್ಲದ ವಿಡಿಯೊ ಮಾಡಿತು: ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಅಷ್ಟೇ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಮಣಿದು ನಿಯಮ ಹಿಂತೆಗೆದುಕೊಂಡಿತು.

ಹಾಗೆ ಕೈಯಿಂದ ಕೈಗೆ ದಾಟುವ ಆಟ ಮಾದಿಹಳ್ಳಿಯಲ್ಲಿ ಬೆಳೆದ ನನಗೆ ಹೊಸದೇನಲ್ಲ. ನಮ್ಮ ಬೀದಿಯ ಐದು ಹುಡುಗರಿಗೆ ಟಿವಿಗೆ ಸಿಕ್ಕಿಸುವ ಒಂದು ಅಗ್ಗದ ಗೇಮು, ಮೂರು ಹಳದಿ ಕ್ಯಾಸೆಟ್ಟು. ಉಫ್ ಎಂದು ಊದಿ ಹಾಕಿದರೆ ಓಡುತ್ತಿತ್ತು. ಕರೆಂಟು ಹೋದರೆ ಅಲ್ಲಿಗೆ ಆಟ ಮುಗಿಯಿತು. ಯಾವ ಕ್ಯಾಸೆಟ್ಟು ಯಾರದೆಂಬುದು ಕೊನೆಗೆ ಯಾರಿಗೂ ನೆನಪಿರಲಿಲ್ಲ. ದಿನಕ್ಕೊಮ್ಮೆ ಇಂಟರ್ನೆಟ್ ಕೇಳುವ ಯಂತ್ರಕ್ಕೆ ಆ ಬೀದಿ ಲೆಕ್ಕಕ್ಕೇ ಇರಲಿಲ್ಲ. ಹಾಗಾದರೆ ಸೋನಿ ನಮ್ಮ ಕಡೆಗಿತ್ತೇ? 2014ರ ಜನವರಿಯಲ್ಲಿ ಪ್ಲೇಸ್ಟೇಷನ್ 4 ಭಾರತಕ್ಕೆ ಬಂದಾಗ ಅದರ ಬೆಲೆ 39,990 ರೂಪಾಯಿ.

ಚಪ್ಪಾಳೆಯ ಗದ್ದಲದಲ್ಲಿ ಇನ್ನೊಂದು ಮಾತು ಮುಚ್ಚಿಹೋಯಿತು. ಹಿಂದಿನ ಯಂತ್ರದಲ್ಲಿ ಪುಕ್ಕಟೆಯಾಗಿದ್ದ ಆನ್‌ಲೈನ್ ಜೊತೆಯಾಟಕ್ಕೆ ಇನ್ನು ಮುಂದೆ ಚಂದಾ ಕಟ್ಟಬೇಕೆಂದು ಸೋನಿ ಅದೇ ಮೇಳದಲ್ಲಿ ತಿಳಿಸಿತ್ತು. 2020ರಲ್ಲಿ ಎರಡೂ ಕಂಪನಿಗಳು ಡಿಸ್ಕೇ ಹಾಕಲಾಗದ ಮಾದರಿಗಳನ್ನು ಮಾರುಕಟ್ಟೆಗೆ ಬಿಟ್ಟವು. 2024ರ ಪ್ಲೇಸ್ಟೇಷನ್ 5 ಪ್ರೊನಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಬೇಕೆಂದರೆ ಬೇರೆ ದುಡ್ಡು ಕೊಡಬೇಕು. ಒಬ್ಬ ಜಬರದಸ್ತಿನಿಂದ ಹಾಕಲಾಗದ ಬೇಲಿಯನ್ನು ಇಬ್ಬರೂ ನಯವಾಗಿ ಹಾಕಿದರು. ಇದರಲ್ಲಿ ಗೆದ್ದವರನ್ನು ಎಲ್ಲಿ ಹುಡುಕುವುದು?

ಡಿಸ್ಕ್ ಹಳೇ ಕಾಲದ್ದು, ಡೌನ್‌ಲೋಡ್ ಸಲೀಸು ಎನ್ನುವವರಿದ್ದಾರೆ. ಸಲೀಸು ನಿಜ. ಆದರೆ ಹಾಗೆ ಕೊಂಡ ಆಟವನ್ನು ಡಿಸ್ಕಿನಂತೆ ಓದಿ ಮುಗಿಸಿದ ಪುಸ್ತಕದ ಹಾಗೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಮಾರುವಂತಿಲ್ಲ. ನನ್ನ ಪ್ರಬಂಧದ ಅರ್ಧಕ್ಕೂ ಹೆಚ್ಚು ಭಾಗ ನಿಂತಿರುವುದು ಎರವಲು ತಂದ ಪುಸ್ತಕಗಳ ಮೇಲೆ. ಎರವಲು ಇಲ್ಲದಿದ್ದರೆ ನಮ್ಮಂಥ ಊರಿನವರ ಓದೂ ಇಲ್ಲ, ಆಟವೂ ಇಲ್ಲ.

ಇ3 ಇನ್ನು ನಡೆಯುವುದಿಲ್ಲವೆಂದು 2023ರ ಡಿಸೆಂಬರಿನಲ್ಲಿ ಘೋಷಣೆಯಾಯಿತು. ಮೇಳ ಮುಚ್ಚಿದರೂ ಅದು ಕಲಿಸಿದ ಚಾಳಿ ಉಳಿದಿದೆ: ಎರಡು ಕಂಪನಿಗಳ ಜಾಹೀರಾತಿಗೆ ಅಂಕ ಹಾಕುವುದು, ಅದನ್ನೇ ವಿಮರ್ಶೆ ಎನ್ನುವುದು. ನಮ್ಮ ಅರಸೀಕೆರೆ ಕಡೆಯವರು ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಮಾರುವವನ ಮಾತಿಗೆ ಮರುಳಾಗುವುದಿಲ್ಲ. ಮುಂದಿನ ಸಲ ಯಾವ ವೇದಿಕೆಯ ಮೇಲೆ ಯಾವ ಯಂತ್ರ ಮಿಂಚಿದರೂ ಒಂದೇ ಪ್ರಶ್ನೆ ಕೇಳಿ: ನಾನು ಆಡಿ ಮುಗಿಸಿದ ಮೇಲೆ ಇದನ್ನು ಪಕ್ಕದ ಮನೆ ಹುಡುಗನಿಗೆ ಕೊಡಬಹುದೇ?